ಮಾಳಿಗೆಯಿಂದ ಆಂಟೆನಾ ಇಳಿದ ದಿನ

ನಾನಿನ್ನೂ ಚಿಕ್ಕವನಿದ್ದಾಗ, ಐದನೇ ಇಯತ್ತೆಗೆ ಹೋಗುತ್ತಿದ್ದ ವರ್ಷ, ಬಸವಕಲ್ಯಾಣದ ನಮ್ಮ ಮನೆಯ ಟಿ.ವಿ.ಯಲ್ಲಿ ಚಿತ್ರ ಮೂಡಬೇಕೆಂದರೆ ಯಾರಾದರೊಬ್ಬರು ಮಾಳಿಗೆ ಹತ್ತಲೇಬೇಕಿತ್ತು. ಮಾಳಿಗೆಯ ಮೇಲೊಂದು ಕಬ್ಬಿಣದ ಕಂಬ, ಅದರ ತುದಿಯಲ್ಲಿ ಮೀನಿನ ಮುಳ್ಳಿನಂತೆ ಹರಡಿಕೊಂಡ ಆಂಟೆನಾ. ಅದನ್ನು ಕಲಬುರಗಿಯ ಕಡೆಗೆ ತಿರುಗಿಸಿದರೆ ಹಿಂದಿ, ಕನ್ನಡ ಬರುತ್ತಿದ್ದವು. ಪಶ್ಚಿಮಕ್ಕೆ ತಿರುಗಿಸಿದರೆ ಗಡಿಯಾಚೆಯ ಟವರಿನಿಂದ ಮರಾಠಿ ಬರುತ್ತಿತ್ತು. ಚಿತ್ರವೇನೋ ಹಿಟ್ಟು ಜರಡಿ ಹಿಡಿದಂತೆ ಉದುರುವ ಬಿಳಿ ಚುಕ್ಕೆಗಳ ಹಿಂದೆ ಇರುತ್ತಿತ್ತು. ಆದರೆ ದನಿ ಚೆನ್ನಾಗಿ ಕೇಳುತ್ತಿತ್ತು.

ಟಿ.ವಿ. ಕಪ್ಪು-ಬಿಳುಪಿನದು. ಮರದ ಪೆಟ್ಟಿಗೆ, ಎಳೆದು ಮುಚ್ಚುವ ಬಾಗಿಲು, ಬಲಗಡೆ ಒಂದು ದೊಡ್ಡ ತಿರುಗಣಿ. ಅದನ್ನು ತಿರುಗಿಸಿದರೆ ಟಕ್ ಟಕ್ ಎಂದು ಸದ್ದಾಗಿ ಚಾನೆಲ್ ಬದಲಾಗುತ್ತಿತ್ತು. ಅದಕ್ಕೆ ಟ್ಯೂನರ್ ಎನ್ನುತ್ತಾರೆಂದು ನಮಗೆಲ್ಲಿ ಗೊತ್ತು? ನಾವು ಅದನ್ನು ಟಿ.ವಿ.ಯ ಕಿವಿ ಎನ್ನುತ್ತಿದ್ದೆವು. "ಅದರ ಕಿವಿ ಹಿಂಡೋ" ಎಂದು ಅಕ್ಕ ಕೂತಲ್ಲಿಂದಲೇ ಹೇಳಿದರೆ ನಾನು ಓಡಿಹೋಗಿ ತಿರುಗಿಸುತ್ತಿದ್ದೆ.

ಮರಾಠಿ ಬೇಕಿದ್ದದ್ದು ಅವ್ವನಿಗೆ. ಅವಳ ತವರು ಗಡಿಯಾಚೆ, ಉಮರ್ಗಾ ಕಡೆಯ ಒಂದು ಹಳ್ಳಿ. ಅಲ್ಲಿ ಅವಳಿಗಿದ್ದವನು ಒಬ್ಬನೇ ತಮ್ಮ, ನಮ್ಮ ಮಾಮ. ಅವರ ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವ್ವನೇ. ಅವರ ಕಡೆ ಅಕ್ಕನಿಗೆ 'ತಾಈ' ಎನ್ನುತ್ತಾರೆ. ಮಾಮನ ಬಾಯಲ್ಲಿ ಆ 'ತಾಈ' ಕೇಳಿದರೆ ಅವ್ವನ ಮುಖವೇ ಬೇರೆಯಾಗುತ್ತಿತ್ತು. ಮಾಮ ಹಗಲೆಲ್ಲ ಹೊಲದಲ್ಲಿ ದುಡಿದು ಸಂಜೆ ಊರಿನ ಭಜನಾ ಮೇಳದಲ್ಲಿ ತಾಳ ಹಿಡಿದು ಹಾಡುತ್ತಿದ್ದ. ನಮ್ಮ ಮನೆಗೆ ಬಂದರೆ ಅವನ ಚೀಲದ ತುಂಬ ಹಸಿ ಕಡಲೆ ಗಿಡ. ಅದರ ಹುಳಿ ಎಲೆ ಚೀಪುತ್ತ ನಾವು ಅವನ ಸುತ್ತ ಕೂರುತ್ತಿದ್ದೆವು.

ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ಬಸವಕಲ್ಯಾಣದಿಂದ ಹುಮನಾಬಾದ್, ಅಲ್ಲಿಂದ ಚಿಟಗುಪ್ಪ, ಮತ್ತೆ ತಿರುಗಿ ಮನೆ. ಅವನ ಖಾಕಿ ಅಂಗಿಗೆ ಯಾವಾಗಲೂ ಡೀಸೆಲ್ಲಿನ ವಾಸನೆ. ಊರೂರಿನ ಸುದ್ದಿ ಬಸ್ಸಿನಲ್ಲೇ ಅವನಿಗೆ ಸಿಗುತ್ತಿತ್ತು. ಒಂದು ದಿನ ಡ್ಯೂಟಿ ಮುಗಿಸಿ ಬಂದವನು ಚಪ್ಪಲಿ ಬಿಡುವ ಮೊದಲೇ ಕೂಗಿದ:

"ಏ, ಕೇಳಿದ್ಯಾ? ನಿನ್ನ ತಮ್ಮ ಟಿ.ವಿ.ಯಾಗ ಬರಾಕತ್ತಾನ! ಅವರ ಊರಾವ ಒಬ್ಬ ಬಸ್ಸಿನ್ಯಾಗ ಸಿಕ್ಕಿದ್ದ. ಮೇಳದವರನ್ನ ಕರಸಿ ಹಾಡಿಸ್ಯಾರಂತ. ಬರೂ ಬುಧವಾರ ಸಂಜೀಕ ತೋರಸ್ತಾರ. ತಾಈಗಿ ತಪ್ಪದ ಹೇಳ್ರಿ ಅಂತ ಹೇಳಿ ಕಳಿಸ್ಯಾನ."

ಜೋಳದ ಹಿಟ್ಟು ಕಲೆಸುತ್ತಿದ್ದ ಅವ್ವನ ಕೈ ನಿಂತುಬಿಟ್ಟಿತು. "ಖರೇನಾ?" ಎಂದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆ ವಾರವೆಲ್ಲ ಅವಳು ಪಾತ್ರೆ ತೊಳೆಯುವಾಗ, ಅಂಗಳ ಗುಡಿಸುವಾಗ, ಮಾಮ ಹಾಡುವ ಹಾಡುಗಳನ್ನೇ ಸಣ್ಣಗೆ ಗುನುಗುತ್ತಿದ್ದಳು. ನಾವದನ್ನು ಕೇಳಿಸಿಕೊಂಡೆವು. ಆದರೆ ಅದು ಯಾಕೆಂದು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಬುಧವಾರ ಬಂತು. ಅವತ್ತು ಅಪ್ಪನಿಗೆ ರಜೆ. ಬೆಳಗಿನ ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಹುಮನಾಬಾದಿನಿಂದ ಕೇಬಲ್‌ನವನು ಮೊಪೆಡ್ ಮೇಲೆ ಬಂದ. ನಮ್ಮ ಓಣಿಗೆ ಕೇಬಲ್ ಬಂದು ಆಗಿನ್ನೂ ಹೊಸತು. ಅವನ ಹೆಗಲಿಗೆ ಕರಿ ವೈರಿನ ಸುರುಳಿ, ಕೈಯಲ್ಲೊಂದು ಡಬ್ಬಿ. ಸಾಲಾಗಿ ಗುಂಡಿಗಳಿದ್ದ ಡಬ್ಬಿ. ಈಗ ನೀವು ಸೆಟ್‌ಟಾಪ್ ಬಾಕ್ಸ್ ಎನ್ನುತ್ತೀರಲ್ಲ, ನಿಮಗೆ ನಾನಿದ್ದ ಹಾಗೆ ಅದರ ಅಜ್ಜ, ಮುತ್ಯಾ ಎಂದುಕೊಳ್ಳಿ.

"ನೋಡ್ರಿ ಸಾಹೇಬ್ರ," ಎಂದು ಅವನು ಟಿ.ವಿ.ಯ ತಿರುಗಣಿ ಮುಟ್ಟಿ ತೋರಿಸಿದ. "ಟಿ.ವಿ. ಒಳಗಿನ ಟ್ಯೂನರ್ ಇದು. ಇದು ಹಿಡಿಯೂದು ಅಷ್ಟೊ ಇಷ್ಟೊ. ಅದಕ್ಕೂ ನೀವು ಮಾಳಿಗಿ ಹತ್ತಬೇಕು, ಗಾಳಿ ಬಿಟ್ರ ಮತ್ತ ಹತ್ತಬೇಕು. ಈ ಡಬ್ಬಿ ಹಚ್ಚಿದ್ರಿ ಅಂದ್ರ ಕುಂತಲ್ಲೇ ಎಲ್ಲಾ. ಸಿನಿಮಾ, ಕ್ರಿಕೆಟ್, ಹಾಡು. ಕನ್ನಡಿ ಹಂಗ ಸಾಫ್ ಚಿತ್ರ."

"ಎರಡೂ ಇಟ್ಕೋಬಹುದೇನು?" ಎಂದು ಅಪ್ಪ ಕೇಳಿದ.

"ವೈರ್ ಹಚ್ಚೂ ಜಾಗಾ ಹಿಂದ ಒಂದೇ ಅದ್ರಿ. ಆಂಟೆನಾ ಹಚ್ರಿ, ಇಲ್ಲಾ ಡಬ್ಬಿ ಹಚ್ರಿ."

ಅಪ್ಪ ಯೋಚಿಸುತ್ತ ಗಡ್ಡ ಕೆರೆದುಕೊಂಡ. ಆಮೇಲೆ ನಮ್ಮ ಕಡೆ ತಿರುಗಿ, "ಏನಂತೀರಿ?" ಎಂದ.

"ಡಬ್ಬಿ! ಡಬ್ಬಿ!" ಎಂದು ನಾನೂ ಅಕ್ಕನೂ ಕುಣಿದೆವು.

ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಲೇ ಇತ್ತು. ಅಪ್ಪ ಆ ಕಡೆ ತಿರುಗಲಿಲ್ಲ. ನಮ್ಮ ಗದ್ದಲ ಕೇಳಿ ಅವ್ವನೇ ಬಾಗಿಲಿಗೆ ಬಂದಳು. ಎರಡೂ ಕೈಗೆ ಹಿಟ್ಟು ಮೆತ್ತಿತ್ತು. ಡಬ್ಬಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಕ್ಕ ಹೋಗಿ ಅವಳ ಸೊಂಟ ಹಿಡಿದು ಗಿರಕಿ ಹೊಡೆಸಿದಳು. "ಅವ್ವಾ, ಇನ್ನ ದಿನಾ ಸಿನಿಮಾ!" ಒಲೆಯ ಮೇಲೆ ರೊಟ್ಟಿ ಹತ್ತಿದ ವಾಸನೆ ಬಂತು. ಅವ್ವ ಒಳಗೆ ಓಡಿದಳು.

ಡಬ್ಬಿ ಕೂತಿತು. ಕೇಬಲ್‌ನವನು ಮಾಳಿಗೆಯ ಕಡೆ ನೋಡಿ, "ಅದಕ್ಕ ಇನ್ನ ಕೆಲಸ ಇಲ್ಲಲ್ರಿ. ಮಂಠಾಳದಾಗ ಒಬ್ರು ಆಂಟೆನಾ ಕೇಳ್ಯಾರ, ನಾ ಒಯ್ಲಿ?" ಎಂದ. "ಒಯ್ಯಿ ಒಯ್ಯಿ" ಎಂದ ಅಪ್ಪ. ಅಪ್ಪ ನಟ್ಟು ಸಡಿಲಿಸಿದ, ನಾನು ಕಂಬವನ್ನು ಅಪ್ಪಿ ಹಿಡಿದುಕೊಂಡೆ. ಅಂಥ ದೊಡ್ಡ ಕೆಲಸ ನನ್ನ ಕೈಗೆ ಬಂದದ್ದಕ್ಕೆ ಎದೆ ಉಬ್ಬಿತ್ತು. ಕೋಟೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಅಲ್ಯುಮಿನಿಯಂ ಕಡ್ಡಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಮೊಪೆಡ್ಡಿಗೆ ಅಡ್ಡಲಾಗಿ ಕಟ್ಟಿಸಿಕೊಂಡು ಆಂಟೆನಾ ಓಣಿಯ ತಿರುವಿನಲ್ಲಿ ಮರೆಯಾಯಿತು.

ಮಧ್ಯಾಹ್ನವೆಲ್ಲ ನಾವು ಟಿ.ವಿ. ಮುಂದಿನಿಂದ ಏಳಲಿಲ್ಲ. ಒಂದು ಗುಂಡಿ ಒತ್ತಿದರೆ ಹೊಡೆದಾಟ, ಇನ್ನೊಂದು ಒತ್ತಿದರೆ ಕುಣಿತ. ಅಪ್ಪನೂ ನಮ್ಮ ಜೊತೆ ಮಗುವಾಗಿ ಕೂತಿದ್ದ. ಅವ್ವ ತಂದಿಟ್ಟ ರೊಟ್ಟಿ ಒಣಗಿ ಸೆಟೆದುಕೊಂಡಿತ್ತು.

ಸಂಜೆ ದೀಪ ಹಚ್ಚಿದ ಮೇಲೆ ಅವ್ವ ಬಂದು ಬಾಗಿಲ ಬಳಿ ಕೂತಳು. ಮುಖ ತೊಳೆದಿದ್ದಳು. ಹಬ್ಬಕ್ಕೆಂದು ತೆಗೆದಿಟ್ಟಿದ್ದ ಹಸಿರು ಸೀರೆ ಉಟ್ಟಿದ್ದಳು. ಸೀರೆಯಿಂದ ಪೆಟ್ಟಿಗೆಯಲ್ಲಿನ ಡಾಂಬರು ಗುಳಿಗೆಯ ವಾಸನೆ ಬರುತ್ತಿತ್ತು.

"ಹೊತ್ತಾತಲ್ರಿ," ಎಂದಳು ಮೆಲ್ಲಗೆ. "ನನ್ನ ತಮ್ಮಂದು ಹಚ್ರಿ."

ಅಪ್ಪನ ಕೈ ಡಬ್ಬಿಯ ಮೇಲೆ ಹಾಗೇ ನಿಂತಿತು. ಒಂದೊಂದೇ ಗುಂಡಿ ಒತ್ತಿದ. ಹಿಂದಿ, ಇಂಗ್ಲಿಷ್, ಮತ್ತೆ ಹಿಂದಿ. ಮರಾಠಿ ಎಲ್ಲೂ ಇರಲಿಲ್ಲ.

"ಇದರಾಗ ಎಲ್ಲಾ ಬರ್ತಾವ ಅಂದ್ರಲ್ಲ?" ಎಂದಳು ಅವ್ವ. ಅವಳಿಗೆ ಪಾಪ, ನಿಜವಾಗಿಯೂ ಗೊತ್ತಿರಲಿಲ್ಲ. ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೇಳಬೇಕೆಂದಿದ್ದದ್ದು ಅದನ್ನೇ.

ಅಪ್ಪ ಬರಿಗಾಲಲ್ಲೇ ಪಕ್ಕದ ಮನೆಗೆ ಓಡಿದ. ಅದು ಬಟ್ಟೆ ಅಂಗಡಿಯ ಚಾಚಾನ ಮನೆ. ಅವರ ಮಾಳಿಗೆಯ ಮೇಲೆ ಆಂಟೆನಾ ಇನ್ನೂ ಇತ್ತು, ಆದರೆ ಕಲಬುರಗಿಯ ಕಡೆ ಮುಖ ಮಾಡಿತ್ತು. ಚಾಚಾ ಊಟಕ್ಕೆ ಕೂತವರು ಎಂಜಲುಗೈಯಲ್ಲೇ ಎದ್ದರು. ಅಪ್ಪ ಮಾಳಿಗೆ ಹತ್ತಿದ. ನಾನು ಅಂಗಳದಲ್ಲಿ ನಿಂತೆ, ಅಕ್ಕ ಟಿ.ವಿ. ಮುಂದೆ.

"ಬಂತೇನೋ?"

"ಇಲ್ಲಪ್ಪಾ!"

"ಈಗ?"

"ಬರೀ ಚುಕ್ಕಿ!"

ನಟ್ಟು ತುಕ್ಕು ಹಿಡಿದಿತ್ತು. ಕಂಬ ಅಲುಗುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. "ಎಣ್ಣಿ ಕೊಡ್ರಿ!" ಎಂದು ಅಪ್ಪ ಮೇಲಿನಿಂದ ಕೂಗಿದ. ಚಾಚಾ ಎಣ್ಣೆಯ ಶೀಷೆ ಹಿಡಿದು ಏಣಿ ಹತ್ತಿದರು. ಅವ್ವ ಅವರ ಹೊಸ್ತಿಲಲ್ಲಿ ನಿಂತಿದ್ದಳು. ಚಾಚಿ ಕೈಹಿಡಿದು, "ಒಳಗ ಬಾ ಬೆಹೆನ್, ಅಲ್ಲ್ಯಾಕ ನಿಂತಿ? ಬರ್ತದ ಬಾ" ಎಂದು ಕರೆದರೂ ಅವಳ ಕಾಲು ಮುಂದೆ ಹೋಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು.

ಕೊನೆಗೆ ಕಂಬ ಗರಕ್ಕನೆ ತಿರುಗಿತು. "ಬಂತು, ಬಂತು!" ಎಂದು ಅಕ್ಕ ಚೀರಿದಳು. ಬಿಳಿ ಚುಕ್ಕೆಗಳ ಹಿಂದೆ ಸಾಲಾಗಿ ಕೂತ ಮಂದಿ, ಎಲ್ಲರ ತಲೆಗೂ ಬಿಳಿ ಪಟಗ. ಮೃದಂಗದ ಒಂದು ಗುಡುಗು, ತಾಳಗಳ ಝಣತ್ಕಾರ. ಅವ್ವ ಎರಡು ಹೆಜ್ಜೆ ಮುಂದೆ ಬಂದಳು. ಅಷ್ಟರಲ್ಲಿ ಹಾಡು ಮುಗಿಯಿತು. ಎಲ್ಲರೂ ಕೈಮುಗಿದರು. ಅವರಲ್ಲಿ ಮಾಮ ಯಾರೆಂದು ಗುರುತು ಹಿಡಿಯುವ ಮೊದಲೇ ಪರದೆಯ ಮೇಲೆ ವಾರ್ತೆ ಓದುವವರು ಬಂದು ಕೂತರು.

ಮಾಳಿಗೆಯಿಂದ ಅಪ್ಪ ಕೇಳುತ್ತಲೇ ಇದ್ದ, "ಕಾಣಾಕತ್ತದೇನು? ಕಾಣಾಕತ್ತದೇನು?" ಅವ್ವನೇ ಅಂಗಳಕ್ಕೆ ಬಂದು, "ಇಳೀರಿ. ಬಿದ್ದೀರಿ," ಎಂದಳು. ಮನೆಗೆ ಹೋಗಿ ಹಸಿರು ಸೀರೆ ಮಡಚಿಟ್ಟಳು. ನಮಗೆಲ್ಲ ಊಟ ಬಡಿಸಿದಳು. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕೆಲವು ದಿನಗಳ ಮೇಲೆ ಮಾಮ ಬಂದ. ಬಸ್ಸಿನಿಂದ ಇಳಿದವನೇ ಹೊಸ್ತಿಲಲ್ಲೇ ಕೇಳಿದ, "ತಾಈ, ನೋಡಿದ್ಯಾ?"

"ನೋಡ್ದೆ," ಎಂದಳು ಅವ್ವ. "ಭಾಳ ಛಲೋ ಹಾಡಿದಿ."

ಮಾಮ ಹುಡುಗನ ಹಾಗೆ ನಕ್ಕ. ಊಟಕ್ಕೆ ಕೂತ ಮೇಲೂ ಅದೇ ಮಾತು. "ನಡುವಿನ ಹಾಡು ನಾ ಒಬ್ಬನೇ ಹಾಡ್ದೆ. ಆವಾಗ ಸೀದಾ ಕ್ಯಾಮರಾದಾಗೇ ನೋಡ್ದೆ, ತಾಈ ನೋಡಾಕತ್ತಿರ್ತಾಳ ಅಂತ. ಗೊತ್ತಾತೇನು ನಿನಗ?"

ಅವ್ವ ಅವನ ತಾಟಿಗೆ ಮತ್ತೊಂದು ರೊಟ್ಟಿ ಹಾಕಿದಳು. ಹಾಕಿದ ರೊಟ್ಟಿಯನ್ನೇ ಮತ್ತೆ ಮತ್ತೆ ಸರಿಪಡಿಸುತ್ತಿದ್ದಳು. ಆಗ ಅಪ್ಪ ತುತ್ತು ಕೆಳಗಿಟ್ಟ.

"ಆಕಿ ನೋಡಿಲ್ಲಪಾ," ಎಂದ. "ನಾ ನೋಡಗೊಡಲಿಲ್ಲ. ಅವತ್ತೇ ಡಬ್ಬಿ ಹಚ್ಚಿ ಆಂಟೆನಾ ಕೊಟ್ಟು ಕಳಿಸ್ದೆ. ನೀ ಹೇಳಿ ಕಳಿಸಿದ ಮಾತು ತಂದು ಮುಟ್ಟಿಸಿದಾವ ನಾನೇ. ನನಗೇ ನೆನಪು ಉಳೀಲಿಲ್ಲ. ಆಕಿಗಿ ಒಂದು ಮಾತು ಕೇಳಲೂ ಇಲ್ಲ."

ಅಪ್ಪ ಯಾರ ಮುಂದೆಯೂ ಹಾಗೆ ತಲೆ ತಗ್ಗಿಸಿದ್ದನ್ನು ನಾನು ಕಂಡಿರಲಿಲ್ಲ. "ಇರ್ಲಿ ಬಿಡ್ರಿ, ಊಟದ ಮುಂದ ಯಾಕ ಅದೆಲ್ಲ," ಎಂದಳು ಅವ್ವ. ಮಾಮ ಅಪ್ಪನ ತಾಟನ್ನು ಅವನತ್ತ ಸರಿಸಿದ. ಆಮೇಲೆ, "ತಾಈ ನೋಡಲಾರದ್ದೇ ಛಲೋ ಆತು ದಾಜಿ," ಎಂದ. ಅಕ್ಕನ ಗಂಡನನ್ನು ಅವರ ಕಡೆ ಹಾಗೆ ಕರೆಯುತ್ತಾರೆ. "ಅವತ್ತು ನನ್ನ ದನಿ ಕಟ್ಟಿತ್ತು. ತಾಳನೂ ತಪ್ಪಿತ್ತು." ಅದು ನಿಜವೋ, ಅಪ್ಪನ ಮುಖ ನೋಡಿ ಹೇಳಿದ್ದೋ, ಇವತ್ತಿಗೂ ನನಗೆ ತಿಳಿಯದು.

ಅಪ್ಪ ಬೇರೊಂದು ಆಂಟೆನಾ ತಂದು ತಾನೇ ಕಟ್ಟಿದ. ಪಶ್ಚಿಮಕ್ಕೆ ತಿರುಗಿಸಿ ನಟ್ಟು ಬಿಗಿದು, ಯಾರೂ ಮುಟ್ಟಬಾರದೆಂದ. ಬುಧವಾರ ಸಂಜೆ ಮನೆಯಲ್ಲಿದ್ದರೆ ತಾನೇ ಎದ್ದು ಡಬ್ಬಿಯ ವೈರು ಕಿತ್ತು ಆಂಟೆನಾದ ವೈರು ಸಿಕ್ಕಿಸುತ್ತಿದ್ದ. ಅವ್ವ ಬಂದು ಕೂರುತ್ತಿದ್ದಳು. ಆದರೆ ಮಾಮನ ಮೇಳ ಮತ್ತೆ ಬರಲಿಲ್ಲ. ಮಾಮ ನಮ್ಮ ಮನೆಗೆ ಬಂದಾಗಲೆಲ್ಲ ಹಾಡುತ್ತಿದ್ದ, ಹಾಡು ಅವಳಿಗೆ ತಪ್ಪಿದ್ದಿಲ್ಲ. ಒಮ್ಮೆ ಅಕ್ಕ ಅದನ್ನೇ ಹೇಳಿ ಸಮಾಧಾನ ಮಾಡಲು ಹೋದಳು. ಅವ್ವ ಅಂದಳು, "ಹಾಡು ಕೇಳಿನವ್ವ. ಆದ್ರ ಎಲ್ಲಾ ಮಂದಿ ಅವನ್ನ ನೋಡೂಮುಂದ ನಾನೂ ನೋಡಬೇಕಿತ್ತು."

ಈಗ ಮೊನ್ನೆಯ ಮಾತಿಗೆ ಬರುತ್ತೇನೆ, ಮೊಮ್ಮಕ್ಕಳೇ. ಹುಮನಾಬಾದಿನ ಈ ಮನೆಗೆ ಗೋಡೆಯಗಲದ ಹೊಸ ಟಿ.ವಿ. ಬಂತಲ್ಲ, ಅದನ್ನು ಜೋಡಿಸಲು ಬಂದವನು ಕೇಳಿದ: "ಟ್ಯೂನರ್ ಇದರೊಳಗೇ ಅದ್ರಿ, ಡಿಶ್ ವೈರ್ ಸೀದಾ ಹಾಕಿದ್ರ ಫ್ರೀ ಚಾನೆಲ್ ಎಲ್ಲಾ ಬರ್ತಾವ. ಇಲ್ಲಾಂದ್ರ ಸೆಟ್‌ಟಾಪ್ ಬಾಕ್ಸ್ ಹಚ್ಲಿ?" ನೀವಿಬ್ಬರೂ "ಬಾಕ್ಸ್, ಬಾಕ್ಸ್!" ಎಂದು ಕೂಗಿದಿರಿ. ನಿಮ್ಮ ಅಪ್ಪ ಹೂಂ ಎನ್ನುವಷ್ಟರಲ್ಲಿ ನಾನು ತಡೆದೆ. ಒಳಗೆ ಹೋಗಿ ನಿಮ್ಮ ಅವ್ವನನ್ನು ಕೇಳಿದೆ. ಕುಕ್ಕರಿನ ಸೀಟಿಯಲ್ಲಿ ಅವಳಿಗೆ ಮೊದಲು ಕೇಳಿಸಲೇ ಇಲ್ಲ. "ನನಗ್ಯಾಕ ಕೇಳ್ತೀರಿ ಮಾವಾರ, ಯಾವುದಾದ್ರೂ ನಡೀತದ," ಎಂದಳು. ನಾನು ಅಲ್ಲಿಂದ ಕದಲಲಿಲ್ಲ. ಆಗ ಅವಳು ಗ್ಯಾಸ್ ಆರಿಸಿ ಹೊರಗೆ ಬಂದು, ಅದೇನು ಇದೇನು ಎಂದು ಎಲ್ಲ ಕೇಳಿ ತಿಳಿದುಕೊಂಡಳು.

"ಒಳಗಿಂದೇ ಇರ್ಲಿ," ಎಂದಳು. "ಮಧ್ಯಾಹ್ನ ನೀವೆಲ್ಲಾ ಹೋದ ಮ್ಯಾಲ ನಾ ಹಳೀ ಹಾಡು ಹಚ್ಕೋತೀನಿ. ಎರಡೆರಡು ರಿಮೋಟ್ ಇದ್ರ ನನಗ ಹಚ್ಚಾಕೇ ಬರಂಗಿಲ್ಲ."

ಅವಳು ಮಧ್ಯಾಹ್ನ ಹಾಡು ಕೇಳುತ್ತಾಳೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನೀವು ಅವತ್ತಿನಿಂದ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಮುತ್ಯಾ ನಮ್ಮ ಕಡೆಯವನಲ್ಲ ಎನ್ನುತ್ತೀರಿ. ನಿಮ್ಮ ಕಾರ್ಟೂನು, ಕ್ರಿಕೆಟ್ಟು ಹೇಗೂ ಫೋನಿನಲ್ಲಿ ಇವೆ. ಇವತ್ತು ತಪ್ಪಿದ್ದು ನಾಳೆ ಸಿಗುತ್ತದೆ, ಬೇಕಾದಷ್ಟು ಸಲ ಸಿಗುತ್ತದೆ. ನಮ್ಮ ಕಾಲದಲ್ಲಿ ಒಂದು ಹಾಡು ಗಾಳಿಯಲ್ಲಿ ಒಮ್ಮೆ ಬಂದು ಹೋದರೆ ಹೋಯಿತು. ಇದನ್ನು ಓದಿದ ಮೇಲೆ ಮಾಮನ ಆ ಹಾಡನ್ನೂ ನೀವು ಹುಡುಕಬಹುದು. ನಾನು ಹುಡುಕಿದ್ದೇನೆ. ಎಲ್ಲೂ ಇಲ್ಲ.

ನೀವು ಸಾಲೆಗೆ ಹೋದ ಮೇಲೆ ಮಧ್ಯಾಹ್ನ ಹೊರಗಿನ ಕೋಣೆಯಿಂದ ಹಾಡು ಕೇಳಿಸುತ್ತದೆ. ನಿಮ್ಮ ಅವ್ವ ನಾನು ಮಲಗಿದ್ದೇನೆಂದು ಸಣ್ಣಗೆ ಇಟ್ಟಿರುತ್ತಾಳೆ. ನಾನು ಕಣ್ಣು ಮುಚ್ಚಿ ಕೇಳುತ್ತೇನೆ. ಒಳ್ಳೆಯದೇ ಆಯಿತು ಅನ್ನಿಸುತ್ತದೆ. ಆದರೂ, ಹಸಿರು ಸೀರೆ ಉಟ್ಟು ಬಾಗಿಲ ಬಳಿ ಕೂತ ನನ್ನ ಅವ್ವ ಕಣ್ಣ ಮುಂದೆ ಬರುತ್ತಾಳೆ, ನಿದ್ದೆ ಮಾತ್ರ ಬರುವುದಿಲ್ಲ.