ಒಂದು ಫೋಟೋವನ್ನೂ ಅಳಿಸದವನ ಡಿಸ್ಕು

ಚಾಮರಾಜನಗರದ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಒಂದು ಬೆಳಿಗ್ಗೆ ಗುಂಡ್ಲುಪೇಟೆಯ ಗೆಳೆಯ ಬಂದ. ಅಲ್ಲಿ ಅವನದೊಂದು ಫೋಟೋ ಸ್ಟುಡಿಯೋ. ಟವೆಲಿನಲ್ಲಿ ಸುತ್ತಿದ ದೊಡ್ಡ ಹಾರ್ಡ್ ಡಿಸ್ಕೊಂದನ್ನು ಮೇಜಿನ ಮೇಲಿಟ್ಟ. ಕರೆಂಟು ಹೋಗಿ ಬಂದಮೇಲೆ ಅದು ತೆರೆಯುತ್ತಿರಲಿಲ್ಲವಂತೆ. ಹರದನಹಳ್ಳಿಯ ಹುಡುಗಿಯೊಬ್ಬಳ ಮದುವೆ ವಿಡಿಯೋ ಅದರಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಧಾರೆ ಎರೆದ ಅವಳ ಅಪ್ಪ ಮದುವೆಯಾದ ತಿಂಗಳೊಪ್ಪತ್ತಿನಲ್ಲೇ ತೀರಿಹೋಗಿದ್ದರು.

"ಆ ಎಣ್ಣು ದಿನಾ ಫೋನ್ ಮಾಡ್ತದೆ ಕಣ್ಲಾ. ಏನಂತ ಯೋಳ್ಲಿ?"

ಡಿಸ್ಕನ್ನು ಪರೀಕ್ಷಿಸಿ ಸರಿಮಾಡುವ ಪ್ರೋಗ್ರಾಂ ಹಚ್ಚಿದೆ. ಅರ್ಧಕ್ಕೆ ಹೋಗಿ, ಮೆಮೊರಿ ಸಾಲದೆಂದು ನಿಂತುಬಿಟ್ಟಿತು. ಮತ್ತೆ ಹಚ್ಚಿದೆ, ಮತ್ತೆ ಅಲ್ಲೇ. ಯಾವ ಫೈಲು ಎಲ್ಲಿದೆ, ಯಾವ ಜಾಗ ಯಾವುದರದು ಎಂಬುದನ್ನೆಲ್ಲ ಅದು ಒಟ್ಟಿಗೇ ತಲೆಯಲ್ಲಿಟ್ಟುಕೊಳ್ಳಬೇಕು. ಮದುವೆಮನೆಯ ಉಗ್ರಾಣ ನೋಡಿಕೊಳ್ಳುವವನಿಗೆ ಕೈಗಿಂತ ನೆನಪು ದೊಡ್ಡದಿರಬೇಕು ಅನ್ನುತ್ತಿದ್ದಳು ನಮ್ಮಜ್ಜಿ. ನೆನಪು ಸಾಲದವನು ಪಾತ್ರೆಗಳ ನಡುವೆ ಕೂತು ಕಣ್ಣುಕಣ್ಣು ಬಿಡುತ್ತಾನೆ. ಲಕ್ಷಗಟ್ಟಲೆ ಫೈಲುಗಳೆದುರು ನನ್ನ ಮೆಷಿನ್ನಿನದೂ ಅದೇ ಪಾಡು.

ಇಷ್ಟೊಂದು ಫೈಲು ಎಲ್ಲಿಂದ ಬಂದವೆಂದರೆ, ಗೆಳೆಯ ಒಂದು ಫೋಟೋವನ್ನೂ ಅಳಿಸಿದವನಲ್ಲ. ಕಣ್ಣು ಮುಚ್ಚಿದ್ದು, ಕೈ ಅಲುಗಿದ್ದು, ಬರೀ ನೆಲ ಬಿದ್ದದ್ದು, ಎಲ್ಲ ಹಾಗೇ ಇದ್ದವು.

"ಸುಬಕಾರ್ಯದಲ್ಲಿ ತೆಗ್ದಿದ್ನ ಅಳಿಸ್ಬಾರ್ದು ಅಂತದೆ ನಮ್ಮವ್ವ."

"ನೆಲದ ಫೋಟೋನೂವಾ?"

"ನೆಲದ್ ಮ್ಯಾಲೆ ರಂಗೋಲಿ ಇರ್ತದಲ್ಲ, ಬುಡು."

ನಗುವಷ್ಟು ತ್ರಾಣ ನನಗಿರಲಿಲ್ಲ. ಆ ಹಳೇ ಮೆಷಿನ್ನಿಗೆ ಹಿಡಿಯುವಷ್ಟು ಮೆಮೊರಿ ಆಗಲೇ ಹಾಕಿದ್ದೆ. ಕೊನೆಗೆ ಇನ್ನೊಂದು ಖಾಲಿ ಡಿಸ್ಕು ಸಿಕ್ಕಿಸಿ, ತಲೆಯಲ್ಲಿ ಹಿಡಿಯದ್ದನ್ನು ಅಲ್ಲಿ ಬರೆದಿಟ್ಟುಕೊಳ್ಳುವಂತೆ ಮಾಡಿದೆ. ಆಮೇಲೆ ಕೆಲಸ ನಿಲ್ಲಲಿಲ್ಲ, ಆದರೆ ತೆವಳಿತು. ದಿನಾ ಬೆಳಿಗ್ಗೆ ಗೆಳೆಯ ಬರುವುದು, ಬೆಂಚಿನ ಮೇಲೆ ಕೂರುವುದು, ಸಂಜೆ ಬಸ್ಸು ಹಿಡಿಯುವುದು.

ಅಂತೂ ಪರೀಕ್ಷೆ ಮುಗಿಯಿತು. ಆದರೆ ಹೆಸರು ಕಳೆದುಕೊಂಡ ಫೈಲುಗಳನ್ನೆಲ್ಲ ಅದು ಬರೀ ನಂಬರು ಹಾಕಿ ಒಂದೆಡೆ ಸುರಿದಿತ್ತು. ಒಂದೊಂದನ್ನೇ ತೆರೆದು ಗುರುತಿಸಬೇಕು. ಗೆಳೆಯ ಆ ಹುಡುಗಿಯನ್ನೇ ಕರೆಸಿದ.

ಅವಳು ಕೂತು ಯಾರ್ಯಾರದೋ ಮದುವೆಗಳನ್ನು ನೋಡಿದಳು. ಮಧ್ಯಾಹ್ನ ಇಳಿದ ಮೇಲೆ ಅವಳ ಅಪ್ಪ ಪರದೆಗೆ ಬಂದರು. ಅವರು ಬಗ್ಗಿ, ಮಗಳ ಕೈಯಲ್ಲಿದ್ದ ತೆಂಗಿನಕಾಯಿಯ ಮೇಲೆ ಹಾಲು ಎರೆಯತೊಡಗಿದರು. ವಿಡಿಯೋ ಅಲ್ಲಿಗೇ ನಿಂತುಹೋಯಿತು.

"ಮುಂದಕ್ಕಿಲ್ವಾ ಅಣ್ಣ?"

"ಇಲ್ಲ ಕಣಮ್ಮಿ," ಎಂದ ಗೆಳೆಯ, ನೆಲ ನೋಡುತ್ತ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಓಗ್ಲಿ ಬುಡಿ. ಅಲ್ಲೀಗಂಟವೇ ಇನ್ನೊಂದ್ ಸಲ ಆಕಿ."