ಬೀಗ ಬಿದ್ದ ಆಲೆಮನೆ

ನಮ್ಮ ವಕೀಲರು ಸಿಟ್ಟಿಲ್ಲದೆ ಮಾತಾಡಿದ್ದನ್ನು ನಾನು ನೋಡಿದ್ದು ಒಂದೇ ಸಲ. ತಲೆ ನೆರೆಯುವಷ್ಟು ಕಾಲ ಪಾಂಡವಪುರದಲ್ಲಿ ವ್ಯಾಪಾರದ ಕೇಸುಗಳನ್ನೇ ನಡೆಸಿದವರು. ಯಾರೇ ಬರಲಿ, ಕರಿಕೋಟಿನ ತೋಳು ಮೇಲೆಳೆದುಕೊಂಡು ಮೊದಲು ಹೇಳುವುದು, "ರಾಜಿ ಅನ್ನೋ ಮಾತು ಇಲ್ಲಿ ಎತ್ತಬ್ಯಾಡಿ."

ಅಪ್ಪನಿಗೂ ಅವನ ಪಾಲುದಾರ ಸಾಬರಿಗೂ ಬೆಲ್ಲದ ಆಲೆಮನೆಯ ವಿಷಯಕ್ಕೆ ಜಗಳವಾಗಿತ್ತು. ಕೇಸು ಮುಗಿಯುವವರೆಗೆ ಯಾರೂ ಗಾಣ ಆಡಿಸಬಾರದೆಂದು ವಕೀಲರು ತಡೆಯಾಜ್ಞೆ ತಂದು ಬಾಗಿಲಿಗೆ ಬೀಗ ಹಾಕಿಸಿದರು. ಒಂದು ವಾಯಿದೆಯ ದಿನ ಬಸ್ಸು ಸಿಗದೆ ಅಪ್ಪ ಸಾಬರ ಬೈಕಿನಲ್ಲೇ ಕೂತು ಕೋರ್ಟಿಗೆ ಬಂದಿಳಿದ. ವಕೀಲರು ಮೆಟ್ಟಿಲ ಮೇಲೇ ಕೆಂಡಾಮಂಡಲವಾದರು.

"ಎದುರು ಪಾರ್ಟಿ ಗಾಡೀಲಿ ಬತ್ತೀರಲ್ಲ ಗೌಡ್ರೇ, ನೋಡ್ದೋರು ಏನಂದ್ಕತಾರೆ?"

"ದಾರೀಲಿ ಮಾತಾಡ್ಕಂಡ್ವಿ ಸಾ. ಮುಗಿಸ್ಬುಡಾಣ ಅಂತ ಅವ್ರೂ ಅಂತಾವ್ರೆ."

"ಆ ಮಾತು ಎತ್ತಬ್ಯಾಡಿ ಅಂದಿರ್ನಿಲ್ವಾ?"

ಅಪ್ಪ ವಕೀಲರ ಹಿಂದೆ ಒಳಗೆ ಹೋದ. ಕೋರ್ಟು ಮುಗಿದ ಮೇಲೆ ಸಾಬರು ಒಬ್ಬರೇ ಬೈಕು ಹತ್ತಿ ಹೋದರು. ಆಮೇಲೆ ಇಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ.

ಎಷ್ಟೋ ವರ್ಷದ ಮೇಲೆ ಕೇಸು ಗೆದ್ದೆವು. ವಕೀಲರು ಮೊದಲ ಸಲ ಆಲೆಮನೆ ನೋಡಲು ನಗುತ್ತಾ ಬಂದರು. ಗಾಣ ತುಕ್ಕು ಹಿಡಿದು ನಿಂತಿತ್ತು. ಒಲೆಯೊಳಗೆ ಎಕ್ಕದ ಗಿಡ ಆಳುದ್ದ ಬೆಳೆದಿತ್ತು. ಅದರ ಪಕ್ಕದಲ್ಲೇ ನಿಂತು ಅವರು ಅಂದರು, "ಗೆದ್ದ ಖುಷಿಗೆ ನಿಮ್ಮ ಆಲೆಮನೇದು ಒಂದಚ್ಚು ಬೆಲ್ಲನಾದ್ರೂ ಕೊಡಿ ಗೌಡ್ರೇ."

ಅಪ್ಪ ಒಲೆಯ ಕಡೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಓಗ್ಲಾ, ಅಂಗ್ಡೀಲಿ ಒಂದಚ್ಚು ತಕಂಡ್ಬಾ" ಅಂದ.

ನಾನು ನಿಂತ ಕಡೆಯಿಂದ ಕದಲಲಿಲ್ಲ.