ಹಾರುವವರಿಗೆ ಹಾಕಿದ ಚಪ್ಪರ

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದವನು ಚಿಕ್ಕಬಳ್ಳಾಪುರದಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದ. ಯಾರು ಸ್ಕೂಟರಿನಲ್ಲಿ ಕರೆದರೂ ಹತ್ತುತ್ತಿರಲಿಲ್ಲ.

"ನಡ್ಕೊಂಡು ಹೋದ್ರೆ ತಾನೆ ಅಜ್ಜಿ, ಊರು ಕಾಣೋದು."

"ಊರೇನ್ ಓಡಿಹೋಗಲ್ಲ, ಹತ್ತಪ್ಪ," ಅಂದರೆ ಕಿವಿ ಎಳೆದುಕೊಂಡು ನಗುತ್ತಿದ್ದ.

ಆಗ ತಾನೇ ಮನೆಗಳಿಗೆ ಇಂಟರ್ನೆಟ್ ಬಂದಿತ್ತು. ಸಂಜೆ ಹೊತ್ತು ಅವನು ಅದರಲ್ಲಿ ಆಡುವ ಒಂದು ಆಟಕ್ಕೆ ಬೆಟ್ಟ, ಕಣಿವೆ, ದಾರಿ ಎಲ್ಲ ಇರುವ ಒಂದು ಸೀಮೆ ಕಟ್ಟುತ್ತಿದ್ದ. ಎಲ್ಲೆಲ್ಲಿಯವರೋ ಬಂದು ಅಲ್ಲಿ ಕುದುರೆ ಏರಿ, ಬೆಟ್ಟ ಸುತ್ತಿ, ಸೇತುವೆ ದಾಟಿ ನಿಧಿ ಹುಡುಕುತ್ತಿದ್ದರು. ಆಟ ನಡೆಸುವವರು ಒಮ್ಮೆ ಎಲ್ಲರಿಗೂ ಹಾರುವ ಕುದುರೆ ಕೊಟ್ಟರು. ಜನ ನೇರ ನಿಧಿಯ ಮೇಲೇ ಇಳಿಯತೊಡಗಿದರು. ಅವನ ದಾರಿ, ಸೇತುವೆ ಯಾರಿಗೂ ಬೇಡವಾಯಿತು. ಹೀಗೇ ಯಾರೂ ಸುತ್ತಾಡದಿದ್ದರೆ ಸೀಮೆಯನ್ನೇ ತೆಗೆದುಹಾಕುತ್ತೇವೆ ಅಂದರಂತೆ ಆಟದವರು. ಇವನು ಊಟ ಬಿಟ್ಟ.

"ಅನ್ನ ಏನ್ ಮಾಡ್ತಪ್ಪ ನಿಂಗೆ?" ಎಂದು ಬೈದು, ನಮ್ಮ ದ್ರಾಕ್ಷಿ ತೋಟಕ್ಕೆ ಕರೆದೊಯ್ದೆ. ಬಗ್ಗಿಕೊಂಡು ಚಪ್ಪರದಡಿ ಬಂದವನು ಅಲ್ಲೇ ನಿಂತುಬಿಟ್ಟ. ಮೇಲೆ ಬರೀ ಎಲೆ, ಗೊಂಚಲೆಲ್ಲ ಕೆಳಗೆ.

"ಮೇಲಿಂದ ನೋಡಿದ್ರೆ ಇದು ಕಾಣಲ್ಲ ಅಲ್ವಾ ಅಜ್ಜಿ?"

"ಒಳಗೆ ಬರದೆ ಏನ್ ಕಾಣತ್ತೆ? ಬುಟ್ಟಿ ಹಿಡ್ಕೊ."

ಮುಂದಿನ ವಾರ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿ ತೋರಿಸಿದ. ಅವನ ಕಣಿವೆಯ ತುಂಬ ಬಳ್ಳಿ ಚಪ್ಪರ ಹಬ್ಬಿತ್ತು, ನಿಧಿ ಅದರಡಿ ಎಲ್ಲೋ. ಕುದುರೆಯೊಂದು ಮೇಲೆ ಸುತ್ತಿ ಸುತ್ತಿ, ನಿಧಿ ಕಾಣದೆ ಕೊನೆಗೆ ಅಂಚಿನಲ್ಲಿ ಇಳಿಯಿತು. ಸವಾರ ಕುದುರೆ ಬಿಟ್ಟು ಚಪ್ಪರದಡಿ ಹೊಕ್ಕ.

"ನಡೀತಿದಾನೆ ಅಜ್ಜಿ," ಎಂದು ಕಿವಿ ಎಳೆದುಕೊಂಡ.

"ನೋಡ್ದೆ. ಊಟಕ್ಕೆ ಬಾ."

ಅವನು ಅಲುಗಲಿಲ್ಲ. ಸವಾರ ಸೇತುವೆಯ ಮಧ್ಯೆ ನಿಂತು ನೀರು ನೋಡುತ್ತಿದ್ದ. ತಟ್ಟೆಯನ್ನು ಮಹಡಿಗೇ ತಂದುಕೊಟ್ಟೆ.